ಎಮ್ಯುಲೇಟರ್‌ನಲ್ಲಿ ಅಪ್‌ಡೇಟ್, ಡಿಎಲ್‌ಸಿ, ಮಾಡ್: ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಹಾಕಲೇಬಾರದು?

ಕಕ್ಕಬ್ಬೆ_ಜೇನು

ಎಲ್ಲರಿಗೂ ನಮಸ್ಕಾರ. ಕಾಲೇಜಿನ ದಿನಗಳಲ್ಲಿ ಕೊಂಡ ಪ್ಲೇಸ್ಟೇಷನ್ 3 ಡಿಸ್ಕ್‌ಗಳು ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಇವೆ. ಕೊಡಗಿನ ಕಕ್ಕಬ್ಬೆಯ ಮಳೆಗಾಲದ ತೇವ ಎಂಥದ್ದು ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಕನ್ಸೋಲ್ ಆನ್ ಆಗುತ್ತದೆ, ಆದರೆ ಲೆನ್ಸ್ ಡಿಸ್ಕ್ ಓದುವುದಿಲ್ಲ. ಕೆಲವು ಡಿಸ್ಕ್‌ಗಳ ಅಂಚಿಗೆ ಬೂಷ್ಟು ಹತ್ತತೊಡಗಿದೆ. ಅವು ಪೂರ್ತಿ ಹಾಳಾಗುವ ಮೊದಲು ಒಂದು ಬ್ಲೂ-ರೇ ಡ್ರೈವ್ ತಂದು ಎಲ್ಲವನ್ನೂ ಕಂಪ್ಯೂಟರ್‌ಗೆ ಇಳಿಸಿಕೊಂಡು ಆರ್‌ಪಿಸಿಎಸ್3 ಎಂಬ ಎಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರನ್ನು ಪ್ಲೇಸ್ಟೇಷನ್ 3ರಂತೆ ನಡೆಸುವ ತಂತ್ರಾಂಶದಲ್ಲಿ, ಆಡುತ್ತಿದ್ದೇನೆ.

ಒಂದು ಆಟಕ್ಕೆ ಪ್ಯಾಚ್ ಮ್ಯಾನೇಜರ್‌ನಿಂದ 60 ಫ್ರೇಮ್ ಪ್ಯಾಚ್ (ಸೆಕೆಂಡಿಗೆ 60 ಚಿತ್ರ ತೋರಿಸುವಂತೆ ಆಟವನ್ನು ಬದಲಿಸುವ ಮಾಡ್) ಹಾಕಿಕೊಂಡಿದ್ದೆ, ಬಹಳ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಆ ಆಟದ ಅಧಿಕೃತ ಅಪ್‌ಡೇಟ್‌ನ ಪಿಕೆಜಿ (ಪಿಎಸ್3ರ ಇನ್‌ಸ್ಟಾಲ್) ಫೈಲ್‌ಗಳನ್ನು ಇನ್‌ಸ್ಟಾಲ್ ಮಾಡಿದೆ. ಅಂದಿನಿಂದ ಆಟ ಮತ್ತೆ 30 ಫ್ರೇಮ್‌ಗೆ ಇಳಿದಿದೆ. ಪ್ಯಾಚ್‌ನ ಮುಂದಿನ ಟಿಕ್ ಗುರುತು ಮಾತ್ರ ಹಾಗೆಯೇ ಇದೆ. ಜೊತೆಗೆ, ಇದೇ ಆಟಕ್ಕೆ ಹಣ ಕೊಟ್ಟು ಕೊಂಡಿದ್ದ ಡಿಎಲ್‌ಸಿ (ಆಟಕ್ಕೆ ಸೇರುವ ಹೆಚ್ಚುವರಿ ಭಾಗ) ಕೂಡ ಇನ್‌ಸ್ಟಾಲ್ ಆಯಿತು ಎಂದು ತೋರಿಸಿತು. ಆದರೆ ಆಟದೊಳಗೆ ಅದರ ಸುಳಿವೇ ಇಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಬೇಕೆ? ಅರ್ಧಕ್ಕಿಂತ ಹೆಚ್ಚು ಆಡಿರುವ ಸೇವ್ ಇದೆ, ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ಹಾರಂಗಿ_ದಂಡೆ

ಏನನ್ನೂ ಅಳಿಸಬೇಡಿ. ಮುಖ್ಯವಾಗಿ ಡೆವ್_ಎಚ್‌ಡಿಡಿ0 (ಎಮ್ಯುಲೇಟರ್ ಕನ್ಸೋಲ್‌ನ ಹಾರ್ಡ್ ಡಿಸ್ಕ್‌ನಂತೆ ಬಳಸುವ ಫೋಲ್ಡರ್) ಒಳಗಿನ ಗೇಮ್ ಫೋಲ್ಡರ್‌ಗೆ ಈಗಲೇ ಕೈ ಹಾಕಬೇಡಿ. ಮೊದಲು ಸೇವ್‌ನ ನಕಲು ಮಾಡಿಕೊಳ್ಳಿ. ಅದು ಇರುವುದು ಡೆವ್_ಎಚ್‌ಡಿಡಿ0, ಹೋಮ್, 00000001, ಸೇವ್‌ಡೇಟಾ ಎಂಬ ದಾರಿಯಲ್ಲಿ. ಆ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ, ಉಳಿದದ್ದನ್ನು ನಿಧಾನವಾಗಿ ಬಿಡಿಸೋಣ.

ಪ್ಯಾಚ್ ಏಕೆ ನಿಂತಿತು ಎಂಬುದು ಸುಲಭವಾಗಿ ಗೊತ್ತಾಗುತ್ತದೆ. ಪ್ಯಾಚ್ ಮ್ಯಾನೇಜರ್‌ನಲ್ಲಿ ನಿಮ್ಮ ಆಟದ ಹೆಸರನ್ನು ಬಿಡಿಸಿ ನೋಡಿ. ಹೆಸರಿನ ಕೆಳಗೆ ಡಿಸ್ಕ್‌ನ ಸೀರಿಯಲ್ ಸಂಖ್ಯೆ, ಅದರ ಜೊತೆಗೆ ಆವೃತ್ತಿ ಇರುತ್ತದೆ. ನೀವು ಟಿಕ್ ಹಾಕಿದ್ದು 01.00 ಆವೃತ್ತಿಯ ಪ್ಯಾಚ್‌ಗೆ ಇರಬೇಕು. ಅಪ್‌ಡೇಟ್ ಹಾಕಿದ ಮೇಲೆ ನಿಮ್ಮ ಆಟ 01.00 ಆಗಿ ಉಳಿದಿಲ್ಲ. ಟಿಕ್ ಇದ್ದ ಜಾಗದಲ್ಲೇ ಇದೆ, ಆದರೆ ಅದು ಹಿಡಿಯಬೇಕಾದ ಆಟವೇ ಬದಲಾಗಿದೆ.

ಪ್ಯಾಚ್ ಹೆಸರನ್ನು ನೋಡಿ ಆಟವನ್ನು ಗುರುತಿಸುವುದಿಲ್ಲ. ಆಟದ ಮುಖ್ಯ ಪ್ರೋಗ್ರಾಂ ಫೈಲ್‌ನಿಂದ ಎಮ್ಯುಲೇಟರ್ ಒಂದು ಹ್ಯಾಷ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ಲೆಕ್ಕ ಹಾಕುತ್ತದೆ. ಆಟ ಶುರುವಾದಾಗ ಲಾಗ್‌ನಲ್ಲಿ ‘ಪಿಪಿಯು’ ಎಂದು ಆರಂಭವಾಗುವ ಉದ್ದನೆಯ ಸಾಲೊಂದು ಬರುತ್ತದಲ್ಲ, ಅದೇ. ಪ್ಯಾಚ್ ಫೈಲ್‌ನಲ್ಲಿ ಬರೆದಿರುವ ಹ್ಯಾಷ್ ಮತ್ತು ಲಾಗ್‌ನಲ್ಲಿರುವ ಹ್ಯಾಷ್ ಒಂದೇ ಆದರೆ ಮಾತ್ರ ಪ್ಯಾಚ್ ಹತ್ತುತ್ತದೆ. ಅಪ್‌ಡೇಟ್ ಎಂದರೆ ಬಹುತೇಕ ಹೊಸ ಈಬೂಟ್ (ಆ ಮುಖ್ಯ ಪ್ರೋಗ್ರಾಂ) ಫೈಲ್, ಹೊಸ ಫೈಲ್ ಎಂದರೆ ಹೊಸ ಹ್ಯಾಷ್. ಇದು ದೋಷವಲ್ಲ, ರಕ್ಷಣೆ. ಪ್ಯಾಚ್ ಎಂದರೆ ಇಂಥ ವಿಳಾಸದಲ್ಲಿರುವ ಇಂಥ ಬೈಟ್‌ಗಳನ್ನು ಬದಲಿಸು ಎಂಬ ಸೂಚನೆ. ಬೇರೆ ಆವೃತ್ತಿಯಲ್ಲಿ ಆ ವಿಳಾಸದಲ್ಲಿ ಬೇರೇನೋ ಇರುತ್ತದೆ. ಬಲವಂತವಾಗಿ ಹತ್ತಿಸಿದರೆ ಆಟ ಕುಸಿಯುತ್ತದೆ.

ಡಿಎಲ್‌ಸಿ ಬಗ್ಗೆ ಹೇಳುವ ಮೊದಲು ಒಂದು ಪ್ರಶ್ನೆ: ನಿಮ್ಮ ಡಿಸ್ಕ್‌ನ ಸೀರಿಯಲ್ ಯಾವ ನಾಲ್ಕು ಅಕ್ಷರಗಳಿಂದ ಶುರುವಾಗುತ್ತದೆ? ಡಿಎಲ್‌ಸಿ ಕೊಂಡ ಖಾತೆ ಯಾವ ದೇಶದ್ದು?

ಕಕ್ಕಬ್ಬೆ_ಜೇನು

ಡಿಸ್ಕ್ ಮೇಲೆ ಬಿಎಲ್‌ಇಎಸ್ ಎಂದಿದೆ. ಖಾತೆಯನ್ನು ಆಗ ಅಣ್ಣ ಅಮೆರಿಕದ್ದೆಂದು ಮಾಡಿಕೊಟ್ಟಿದ್ದ. ಡಿಎಲ್‌ಸಿ ಫೈಲ್‌ನ ಹೆಸರಿನಲ್ಲಿ ಬಿಎಲ್‌ಯುಎಸ್ ಎಂದು ಕಾಣುತ್ತಿದೆ. ಪ್ಯಾಚ್ ವಿಷಯ ನೀವು ಹೇಳಿದಂತೆಯೇ ಇದೆ, ಟಿಕ್ 01.00ರ ಕೆಳಗಿದೆ.

ಹಾರಂಗಿ_ದಂಡೆ

ಹಾಗಾದರೆ ಎರಡನೆಯ ಗಂಟೂ ಬಿಚ್ಚಿತು. ಬಿಎಲ್‌ಇಎಸ್ ಎಂದರೆ ಯುರೋಪ್ ವಲಯದ ಡಿಸ್ಕ್, ಬಿಎಲ್‌ಯುಎಸ್ ಎಂದರೆ ಅಮೆರಿಕ ವಲಯದ್ದು. ಆಟ ಒಂದೇ, ಪೆಟ್ಟಿಗೆಯ ಚಿತ್ರವೂ ಒಂದೇ. ಆದರೆ ಕನ್ಸೋಲ್‌ನ ಲೆಕ್ಕದಲ್ಲಿ ಅವು ಎರಡು ಬೇರೆ ಆಟಗಳು. ನಿಮ್ಮ ಡಿಎಲ್‌ಸಿ ಬಿಎಲ್‌ಯುಎಸ್ ಹೆಸರಿನ ಫೋಲ್ಡರ್‌ಗೆ ಹೋಗಿ ಕುಳಿತಿದೆ. ನಿಮ್ಮ ಆಟ ಬಿಎಲ್‌ಇಎಸ್ ಫೋಲ್ಡರ್‌ನಲ್ಲಿ ಹುಡುಕುತ್ತದೆ. ‘ಇನ್‌ಸ್ಟಾಲ್ ಆಯಿತು’ ಎಂಬ ಸಂದೇಶವೂ ನಿಜ, ‘ಕಾಣುತ್ತಿಲ್ಲ’ ಎಂಬುದೂ ನಿಜ. ಫೋಲ್ಡರ್‌ನ ಹೆಸರು ಬದಲಿಸಿ ನೋಡೋಣ ಎಂದು ಹೊರಡಬೇಡಿ. ಪರವಾನಗಿಯೂ ಆ ಗುರುತಿಗೇ ಕಟ್ಟಿರುತ್ತದೆ.

ವಲಯ ಸರಿಯಾಗಿದ್ದೂ ಡಿಎಲ್‌ಸಿ ಕಾಣದಿದ್ದರೆ ಇನ್ನೊಂದು ಕಾರಣ ಇರಬಹುದು. ಕೊಂಡ ಡಿಎಲ್‌ಸಿಗೆ ಪರವಾನಗಿ ಫೈಲ್ ಬೇಕು. ಅದು ಆರ್‌ಎಪಿ ಎಂಬ 16 ಬೈಟ್‌ಗಳ ಪುಟ್ಟ ಫೈಲ್, ಇಲ್ಲವೇ ಈಡ್ಯಾಟ್ ಫೈಲ್. ಅವು ಹೋಮ್, 00000001, ಎಕ್ಸ್‌ಡೇಟಾ ಫೋಲ್ಡರ್‌ನಲ್ಲಿ ಇರಬೇಕು. ನಿಮ್ಮ ಕನ್ಸೋಲ್ ಇನ್ನೂ ಆನ್ ಆಗುತ್ತದೆ ಎಂದಿರಿ. ಅದು ದೊಡ್ಡ ಪುಣ್ಯ. ನೀವು ಕೊಂಡದ್ದರ ಪರವಾನಗಿ ಆ ಕನ್ಸೋಲ್‌ನ ಒಳಗಿದೆ. ಲೆನ್ಸ್ ಹೋಯಿತೆಂದು ಅದನ್ನು ಗುಜರಿಗೆ ಕೊಟ್ಟುಬಿಡಬೇಡಿ.

ಬ್ರಹ್ಮಗಿರಿ_ಸಾಲು

ಎಲ್ಲ ಸರಿ, ಆದರೆ ಈ ಚರ್ಚೆ ಓದಿದವರು ‘ಅಪ್‌ಡೇಟ್ ಹಾಕಿದ್ದರಿಂದ ಕೆಟ್ಟಿತು’ ಎಂದುಕೊಳ್ಳಬಾರದು. ನನ್ನ ನಿಲುವು ಸ್ಪಷ್ಟ: ಆಟಕ್ಕೆ ಇರುವ ಕೊನೆಯ ಅಪ್‌ಡೇಟ್ ಹಾಕಿಯೇ ಆಡಬೇಕು. ಡಿಸ್ಕ್ ಅಚ್ಚಾಗುವ ಹೊತ್ತಿಗೆ ಆಟ ಪೂರ್ತಿ ಮುಗಿದಿರುವುದೇ ಅಪರೂಪ. ಮಧ್ಯದಲ್ಲಿ ನಿಂತುಹೋಗುವ ಹಂತಗಳು, ಸೇವ್ ಕೆಡಿಸುವ ದೋಷಗಳು, ಮುಗಿಯದ ಕಾರ್ಯಗಳು, ಇವನ್ನೆಲ್ಲ ಅಪ್‌ಡೇಟ್‌ಗಳೇ ತಿದ್ದಿದ್ದು. ಎಷ್ಟೋ ಡಿಎಲ್‌ಸಿಗಳು ಕನಿಷ್ಠ ಇಂಥ ಅಪ್‌ಡೇಟ್ ಇದ್ದರೆ ಮಾತ್ರ ತೆರೆದುಕೊಳ್ಳುತ್ತವೆ. ಬರೀ 60 ಫ್ರೇಮ್ ಬೇಕೆಂದು 01.00ರಲ್ಲೇ ಉಳಿದು, ಆಟದ ಮುಕ್ಕಾಲು ಭಾಗದಲ್ಲಿ ಬಾಗಿಲೇ ತೆರೆಯದ ಕೋಣೆಯೊಂದರಲ್ಲಿ ಸಿಕ್ಕಿಬಿದ್ದರೆ ಏನು ಮಾಡುವುದು?

ಇನ್ನೊಂದು ಮಾತು. ಪಿಎಸ್3 ಅಪ್‌ಡೇಟ್‌ಗಳು ಕೆಲವು ಆಟಗಳಿಗೆ ಸರಣಿಯಾಗಿ ಬರುತ್ತವೆ. 01.01, 01.02, 01.03 ಹೀಗೆ. ಕೊನೆಯದನ್ನು ಮಾತ್ರ ಹಾಕಿದರೆ ಸಾಲದು, ಕ್ರಮವಾಗಿ ಎಲ್ಲವನ್ನೂ ಹಾಕಬೇಕು. ಜೇನು ಅವರೇ, ನೀವು ‘ಫೈಲ್‌ಗಳನ್ನು’ ಎಂದು ಬರೆದಿದ್ದೀರಿ. ಕ್ರಮ ತಪ್ಪಿಲ್ಲ ತಾನೆ?

ಕಕ್ಕಬ್ಬೆ_ಜೇನು

ಕ್ರಮ ಸರಿಯಾಗಿದೆ. ಎಲ್ಲವನ್ನೂ ಒಟ್ಟಿಗೆ ಆರಿಸಿ ಹಾಕಿದೆ, ಆಟದ ಪಟ್ಟಿಯಲ್ಲಿ ಈಗ ಕೊನೆಯ ಆವೃತ್ತಿಯ ಸಂಖ್ಯೆಯೇ ಕಾಣುತ್ತಿದೆ.

ಹಾರಂಗಿ_ದಂಡೆ

ಬ್ರಹ್ಮಗಿರಿ ಅವರೇ, ಮಾಡ್ ಹಾಕದೆ ಆಡುವವರಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಮಾಡ್ ಹಾಕುವವರಿಗೆ ಲೆಕ್ಕ ಬೇರೆ. ಮೊದಲು ಯಾವ ಮಾಡ್ ಬೇಕು ಎಂದು ನಿರ್ಧರಿಸಿ, ಅದು ಯಾವ ಆವೃತ್ತಿಗೆ ಬರೆದದ್ದು ಎಂದು ನೋಡಿ, ಆಟವನ್ನು ಆ ಆವೃತ್ತಿಗೆ ತಂದು ನಿಲ್ಲಿಸಬೇಕು. ಅದು ಕೊನೆಯದಾದರೆ ಸಂತೋಷ, ಅಲ್ಲದಿದ್ದರೆ ಆ ಆವೃತ್ತಿಯೇ ನಮ್ಮ ಪಾಲಿಗೆ ಕೊನೆಯದು. ಮಾಡ್ ಎನ್ನುವುದು ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿನ ಬಳ್ಳಿ ಇದ್ದಂತೆ, ಮರವನ್ನು ಬದಲಿಸಿದರೆ ಬಳ್ಳಿಯನ್ನು ಹೊಸದಾಗಿಯೇ ಹಬ್ಬಿಸಬೇಕು.

ಅಪ್‌ಡೇಟ್ ಯಾವಾಗಲೂ ಏನನ್ನಾದರೂ ಕೊಡುತ್ತದೆ ಎಂಬುದೂ ನಿಜವಲ್ಲ. ಕಿತ್ತುಕೊಳ್ಳುವುದೂ ಉಂಟು. ಗ್ರ್ಯಾಂಡ್ ಥೆಫ್ಟ್ ಆಟೋ 4 ಬಂದದ್ದು 2008ರಲ್ಲಿ. ಹತ್ತು ವರ್ಷಗಳ ಹಾಡಿನ ಪರವಾನಗಿ ಮುಗಿದಾಗ, 2018ರ ಏಪ್ರಿಲ್‌ನಲ್ಲಿ ಅಪ್‌ಡೇಟ್ ಮೂಲಕವೇ ಅದರ ರೇಡಿಯೊದಿಂದ ಎಷ್ಟೋ ಹಾಡುಗಳನ್ನು ತೆಗೆದರು. ಹಣ ಕೊಟ್ಟು ಕೊಂಡ ಆಟ, ಮನೆಯಲ್ಲೇ ಕುಳಿತಿದ್ದಂತೆ ಹಾಡುಗಳನ್ನು ಕಳೆದುಕೊಂಡಿತು. ಹಳೆಯ ಆವೃತ್ತಿಯನ್ನು ಉಳಿಸಿಕೊಳ್ಳುವುದು ಹಟವಲ್ಲ, ನಮ್ಮ ವಸ್ತುವನ್ನು ನಾವು ಕಾಪಾಡಿಕೊಳ್ಳುವುದು.

ಬ್ರಹ್ಮಗಿರಿ_ಸಾಲು

ಹಾಡುಗಳ ವಿಷಯ ಒಪ್ಪಿದೆ. ಪ್ಲೇಸ್ಟೇಷನ್ 3ರ ಫರ್ಮ್‌ವೇರ್ (ಕನ್ಸೋಲ್‌ನ ಮೂಲ ತಂತ್ರಾಂಶ) 3.21 ಕೂಡ ಹಾಗೆಯೇ. 2010ರ ಏಪ್ರಿಲ್‌ನಲ್ಲಿ ಬಂದು, ಕನ್ಸೋಲ್‌ನಲ್ಲಿ ಲಿನಕ್ಸ್ ಹಾಕಿಕೊಳ್ಳುವ ಸೌಲಭ್ಯವನ್ನೇ ತೆಗೆದುಹಾಕಿತು. ಆದರೂ ಮೊದಲ ಸಲ ಆಡುವವರಿಗೆ ನಾನು ಕೊನೆಯ ಅಪ್‌ಡೇಟ್ ಅನ್ನೇ ಹೇಳುತ್ತೇನೆ. ಕಥೆ ಒಮ್ಮೆ ಮುಗಿಯಲಿ, ಆಮೇಲೆ ಮಾಡ್. ಈ ವಿಷಯದಲ್ಲಿ ನಮ್ಮಿಬ್ಬರದು ಒಂದೇ ದಾರಿ ಆಗದಿದ್ದರೂ ಪರವಾಗಿಲ್ಲ.

ಮುಂಗಾರು_ಮನೆ

ಅಪ್‌ಡೇಟ್ ತೆಗೆದು ಹಿಂದಿನ ಆವೃತ್ತಿಗೆ ಬರುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಡಿಸ್ಕ್ ಆಟವಾದರೆ ಅಪ್‌ಡೇಟ್ ಡಿಸ್ಕ್‌ನ ನಕಲಿನ ಮೇಲೆ ಬರೆಯುವುದಿಲ್ಲ, ಡೆವ್_ಎಚ್‌ಡಿಡಿ0 ಒಳಗಿನ ಗೇಮ್ ಫೋಲ್ಡರ್‌ನಲ್ಲಿ ಸೀರಿಯಲ್ ಹೆಸರಿನಲ್ಲಿ ಪ್ರತ್ಯೇಕವಾಗಿ ಕೂರುತ್ತದೆ. ಆ ಫೋಲ್ಡರ್ ಅನ್ನು ಸರಿಸಿದರೆ ಆಟ 01.00ಕ್ಕೆ ಮರಳುತ್ತದೆ. ಆದರೆ ಗಮನಿಸಿ: ಬಹಳಷ್ಟು ಆಟಗಳ ಡಿಎಲ್‌ಸಿಯೂ ಅದೇ ಫೋಲ್ಡರ್‌ನೊಳಗೆ ಇರುತ್ತದೆ. ಅಳಿಸಿದರೆ ಎರಡೂ ಹೋಗುತ್ತವೆ. ಆದ್ದರಿಂದ ಅಳಿಸುವ ಬದಲು ಬೇರೆ ಕಡೆಗೆ ಸರಿಸಿಡಿ. ಇನ್ನೊಂದು, ಹೊಸ ಆವೃತ್ತಿಯಲ್ಲಿ ಮಾಡಿದ ಸೇವ್ ಅನ್ನು ಹಳೆಯ ಆವೃತ್ತಿ ಓದದೇ ಹೋಗಬಹುದು. ಡಿಎಲ್‌ಸಿ ಇದ್ದಾಗ ಮಾಡಿದ ಸೇವ್, ಡಿಎಲ್‌ಸಿ ಇಲ್ಲದಿದ್ದರೆ ತೆರೆಯಲು ನಿರಾಕರಿಸುವುದೂ ಇದೆ. ಹಾರಂಗಿ ಅವರು ಸೇವ್‌ನ ನಕಲು ಮೊದಲು ಎಂದದ್ದು ಇದಕ್ಕೇ.

ನಮ್ಮ ಕಡೆಯವರಿಗೆ ಒಂದು ವಿಶೇಷ ಸೂಚನೆ. ಭಾಗಮಂಡಲದ ಕಡೆ ಜುಲೈ ತಿಂಗಳಲ್ಲಿ ಗಾಳಿಗೆ ಮರ ಬಿದ್ದು ತಂತಿ ಕಡಿಯುವುದು ಮಾಮೂಲು. ಪಿಕೆಜಿ ಇನ್‌ಸ್ಟಾಲ್ ನಡೆಯುತ್ತಿರುವಾಗ ಕರೆಂಟ್ ಹೋದರೆ ಫೋಲ್ಡರ್‌ನಲ್ಲಿ ಅರ್ಧ ಹಳೆಯ ಫೈಲ್, ಅರ್ಧ ಹೊಸ ಫೈಲ್ ಉಳಿಯುತ್ತವೆ. ಆಟ ಶುರುವಾದಂತೆ ಕಂಡು ಎಲ್ಲೋ ಮಧ್ಯದಲ್ಲಿ ಕುಸಿಯುತ್ತದೆ. ಆಗ ಎಮ್ಯುಲೇಟರ್ ಅನ್ನು ಬೈದು ಪ್ರಯೋಜನವಿಲ್ಲ. ಆ ಸೀರಿಯಲ್ ಫೋಲ್ಡರ್ ಸರಿಸಿ, ಮೊದಲ ಅಪ್‌ಡೇಟ್‌ನಿಂದ ಮತ್ತೆ ಕ್ರಮವಾಗಿ ಹಾಕಿ. ಡೌನ್‌ಲೋಡ್ ಅರ್ಧಕ್ಕೆ ನಿಂತು ಮುಂದುವರಿದಿದ್ದರೆ ಶಾ-1 ಮೊತ್ತ (ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಸಂಖ್ಯೆ) ತಾಳೆ ನೋಡಿ. ಅಧಿಕೃತ ಅಪ್‌ಡೇಟ್ ಪಟ್ಟಿಯಲ್ಲಿ ಪ್ರತಿ ಫೈಲ್‌ನ ಮೊತ್ತ ಕೊಟ್ಟಿರುತ್ತಾರೆ. ಸಿಗ್ನಲ್ ಸಿಗುವ ಗುಡ್ಡದ ಮೇಲೆ ನಿಂತು ಮೊಬೈಲ್‌ನಲ್ಲಿ ಇಳಿಸಿಕೊಳ್ಳುವ ನಮ್ಮಂಥವರಿಗೆ ಇದು ಬಹಳ ಮುಖ್ಯ.

ಸೋಮವಾರಪೇಟೆ_ಸಂತೆ

ವಿಷಯಕ್ಕೆ ಹತ್ತಿರದ್ದೇ ಕೇಳುತ್ತೇನೆ. ನನ್ನ ಬಳಿ ನಿಂಟೆಂಡೊದ ವೀ ಯು ಕನ್ಸೋಲ್ ಇದೆ, ಅದರಿಂದ ಇಳಿಸಿಕೊಂಡ ಆಟವನ್ನು ಸೆಮು ಎಂಬ ಎಮ್ಯುಲೇಟರ್‌ನಲ್ಲಿ ಆಡುತ್ತಿದ್ದೇನೆ. ಅಲ್ಲಿಯೂ ಇದೇ ಕ್ರಮವೇ? ಸ್ವಿಚ್ ಎಮ್ಯುಲೇಟರ್‌ಗಳಲ್ಲಿ ಹೇಗೆ?

ಹಾರಂಗಿ_ದಂಡೆ

ಸೆಮುವಿನಲ್ಲಿ ಇದು ಇನ್ನೂ ಅಚ್ಚುಕಟ್ಟು. ಫೈಲ್ ಮೆನುವಿನಲ್ಲಿ ಆಟ, ಅಪ್‌ಡೇಟ್ ಅಥವಾ ಡಿಎಲ್‌ಸಿ ಇನ್‌ಸ್ಟಾಲ್ ಮಾಡುವ ಒಂದೇ ಆಯ್ಕೆ ಇದೆ, ಯಾವುದನ್ನು ಎಲ್ಲಿಡಬೇಕು ಎಂದು ಅದೇ ನೋಡಿಕೊಳ್ಳುತ್ತದೆ. ಎಂಎಲ್‌ಸಿ01 ಫೋಲ್ಡರ್ ತೆರೆದು ಟೈಟಲ್ ಎಂಬಲ್ಲಿಗೆ ಹೋದರೆ ಮೂರು ಸಂಖ್ಯೆಗಳು ಕಾಣುತ್ತವೆ. 00050000 ಮೂಲ ಆಟ, 0005000ಇ ಅಪ್‌ಡೇಟ್, 0005000ಸಿ ಡಿಎಲ್‌ಸಿ. ಮೂರೂ ಬೇರೆ ಬೇರೆ ಮನೆಗಳಲ್ಲಿ ಇರುವುದರಿಂದ ಅಪ್‌ಡೇಟ್ ಒಂದನ್ನೇ ತೆಗೆದರೂ ಡಿಎಲ್‌ಸಿಗೆ ಏನೂ ಆಗುವುದಿಲ್ಲ. ಪಿಎಸ್3ಯವರಿಗೆ ಈ ಭಾಗ್ಯ ಇಲ್ಲ.

ಮಾಡ್‌ಗಳಿಗೆ ಅಲ್ಲಿ ಗ್ರಾಫಿಕ್ ಪ್ಯಾಕ್ ಎಂಬ ವ್ಯವಸ್ಥೆ ಇದೆ. ಒಳಗೆ ತತ್ವ ಅದೇ. ಪ್ಯಾಚ್ ಫೈಲ್‌ನಲ್ಲಿ ‘ಮಾಡ್ಯೂಲ್ ಮ್ಯಾಚಸ್’ ಎಂಬ ಸಾಲು ಇರುತ್ತದೆ, ಅದು ಆಟದ ಪ್ರೋಗ್ರಾಂನ ಗುರುತಿನ ಸಂಖ್ಯೆ. ಅಪ್‌ಡೇಟ್ ಬದಲಾದರೆ ಆ ಸಂಖ್ಯೆ ಬದಲಾಗುತ್ತದೆ, ಪ್ಯಾಚ್ ಸುಮ್ಮನಾಗುತ್ತದೆ. ಪಿಸಿಎಸ್‌ಎಕ್ಸ್2 ಎಂಬ ಪ್ಲೇಸ್ಟೇಷನ್ 2 ಎಮ್ಯುಲೇಟರ್‌ನ ಪ್ಯಾಚ್ ಫೈಲ್‌ಗಳು ಸಿಆರ್‌ಸಿ ಎಂಬ ಗುರುತಿನ ಸಂಖ್ಯೆಯನ್ನು ಹೆಸರಿನಲ್ಲೇ ಹೊತ್ತಿರುವುದಕ್ಕೂ ಇದೇ ಕಾರಣ. ಯಾವ ಎಮ್ಯುಲೇಟರ್‌ಗೆ ಹೋದರೂ ಈ ಒಂದು ವಿಷಯ ನಿಮ್ಮನ್ನು ಹಿಂಬಾಲಿಸುತ್ತದೆ.

ವೀ ಯುವಿನ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್ 27ರಂದು ನಿಂತಿತು, ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ನಿಂತಿತು. ನಿಮ್ಮ ಕನ್ಸೋಲ್‌ನಲ್ಲಿ ಇರುವ ಅಪ್‌ಡೇಟ್, ಡಿಎಲ್‌ಸಿ ಎಲ್ಲವನ್ನೂ ಈಗಲೇ ಇಳಿಸಿ ಇಟ್ಟುಕೊಳ್ಳಿ. ನಾಳೆ ನೋಡೋಣ ಎನ್ನುವ ಕೆಲಸ ಇದಲ್ಲ.

ಸ್ವಿಚ್ ಬಗ್ಗೆ: ಯೂಜು ಎಂಬ ಎಮ್ಯುಲೇಟರ್ 2024ರ ಮಾರ್ಚ್‌ನಲ್ಲಿ ನಿಂಟೆಂಡೊ ಜೊತೆ 24 ಲಕ್ಷ ಡಾಲರ್‌ಗಳ ರಾಜಿಗೆ ಒಪ್ಪಿ ನಿಂತುಹೋಯಿತು. ರ‍್ಯೂಜಿಂಕ್ಸ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿಂತಿತು. ಅವುಗಳ ಹೆಸರಿನಲ್ಲಿ ಈಗ ಎಲ್ಲೆಲ್ಲೋ ಸಿಗುವ ಪ್ರತಿಗಳನ್ನು ಕಣ್ಣುಮುಚ್ಚಿ ಹಾಕಿಕೊಳ್ಳಬೇಡಿ.

ಹೊಸ_ಸದಸ್ಯ_ಗೋಣಿಕೊಪ್ಪ

ಡಿಸ್ಕ್ ಇಳಿಸುವುದೆಲ್ಲ ಕಷ್ಟ. ಆಟ, ಅಪ್‌ಡೇಟ್, ಡಿಎಲ್‌ಸಿ ಎಲ್ಲ ಒಟ್ಟಿಗೆ ಇರುವ ಫೈಲ್ ಇದ್ದರೆ ಯಾರಾದರೂ ಕೊಂಡಿ ಕೊಡಿ.

ವೇದಿಕೆ_ನಿರ್ವಾಹಕಿ

ಇಲ್ಲಿ ಅಂಥ ಕೊಂಡಿಗಳಿಗೆ ಅವಕಾಶವಿಲ್ಲ. ನಿಮ್ಮ ಡಿಸ್ಕ್, ನಿಮ್ಮ ಕನ್ಸೋಲ್, ನೀವು ಕೊಂಡ ಡಿಎಲ್‌ಸಿ, ಇವುಗಳ ಬಗ್ಗೆ ಎಷ್ಟು ಬೇಕಾದರೂ ಕೇಳಿ, ಎಲ್ಲರೂ ಸಹಾಯ ಮಾಡುತ್ತಾರೆ. ಪಿಎಸ್3 ಫರ್ಮ್‌ವೇರ್ ಬೇಕಿದ್ದರೆ ಸೋನಿಯ ಅಧಿಕೃತ ತಾಣದಲ್ಲೇ ಸಿಗುತ್ತದೆ, ಆರ್‌ಪಿಸಿಎಸ್3 ಕೇಳುವುದೂ ಅದನ್ನೇ.

ಬ್ರಹ್ಮಗಿರಿ_ಸಾಲು

ಗೋಣಿಕೊಪ್ಪದವರೇ, ಇನ್ನೊಂದು ಕಾರಣವೂ ಇದೆ. ಎಲ್ಲವನ್ನೂ ಬೆರೆಸಿ ಕಟ್ಟಿದ ಫೈಲ್‌ನಲ್ಲಿ ಯಾವ ಆವೃತ್ತಿ ಇದೆ, ಯಾರು ಏನನ್ನು ತುರುಕಿದ್ದಾರೆ ಎಂದು ತಿಳಿಯುವುದೇ ಇಲ್ಲ. ಅದರ ಮೇಲೆ ಮಾಡ್ ಹಾಕಿ ಕೆಟ್ಟರೆ ಯಾರೂ ಸರಿಮಾಡಿ ಕೊಡಲಾರರು. ನಿಮ್ಮ ಬಳಿ ಡಿಸ್ಕ್ ಇದ್ದರೆ ತನ್ನಿ, ಇಳಿಸುವುದಕ್ಕೆ ನಾನು ನೆರವಾಗುತ್ತೇನೆ. ಎಲ್ಲ ಬ್ಲೂ-ರೇ ಡ್ರೈವ್‌ಗಳೂ ಪಿಎಸ್3 ಡಿಸ್ಕ್ ಓದುವುದಿಲ್ಲ. ಕೊಳ್ಳುವ ಮೊದಲು ಆರ್‌ಪಿಸಿಎಸ್3 ತಾಣದಲ್ಲಿರುವ ಡ್ರೈವ್‌ಗಳ ಪಟ್ಟಿ ನೋಡಿಕೊಳ್ಳಿ.

ಕಿತ್ತಳೆ_ತೊಳೆ

ಸಿದ್ದಾಪುರದಿಂದ. ಇಲ್ಲಿ ಎಲ್ಲರೂ ಪ್ರೋಗ್ರಾಂ ಪ್ಯಾಚ್‌ಗಳ ಬಗ್ಗೆಯೇ ಹೇಳುತ್ತಿದ್ದೀರಿ. ಚಿತ್ರಗಳನ್ನು ಮಾತ್ರ ಬದಲಿಸುವ ಮಾಡ್‌ಗಳು ಬೇರೆ ಬಗೆ, ಅವುಗಳನ್ನು ಸೇರಿಸದೆ ಈ ಚರ್ಚೆ ಪೂರ್ತಿಯಾಗುವುದಿಲ್ಲ.

ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ ಎಲ್ಲರಿಗೂ ಗೊತ್ತು. 1997ರಲ್ಲಿ ಕರಡದಲ್ಲಿ ಶುರುವಾದದ್ದು 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳಿಗೆ ಬೆಳೆದಿತ್ತು. ಮನೆಯ ಮಕ್ಕಳು ಮೊಬೈಲ್‌ನಲ್ಲಿ ಪಿಪಿಎಸ್‌ಎಸ್‌ಪಿಪಿ (ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಕನ್ಸೋಲ್‌ನ ಎಮ್ಯುಲೇಟರ್) ಹಾಕಿಕೊಂಡು ಫುಟ್‌ಬಾಲ್ ಆಡುತ್ತಾರೆ. ನಮ್ಮ ಒಕ್ಕದ (ಕೊಡವ ಕುಟುಂಬದ) ಜೆರ್ಸಿ ಆಟದೊಳಗೆ ಬಂದರೆ ಹೇಗಿರುತ್ತದೆ ಎಂದು ಅವರೇ ಕೇಳಿದರು. ಹಾಕಿ ಆಟವಲ್ಲದಿದ್ದರೂ ಸರಿ, ಜೆರ್ಸಿ ನಮ್ಮದಾಗಿರಲಿ ಎಂದು ಕೆಲಸಕ್ಕೆ ಕುಳಿತೆ.

ಮೊದಲು ಹೊಸ ಟೆಕ್ಸ್ಚರ್‌ಗಳನ್ನು, ಅಂದರೆ ಆಟದ ವಸ್ತುಗಳ ಮೇಲೆ ಹೊದಿಸುವ ಚಿತ್ರಗಳನ್ನು, ಉಳಿಸುವ ಆಯ್ಕೆಯನ್ನು ಆನ್ ಮಾಡಿ ಒಂದು ಪಂದ್ಯ ಆಡಬೇಕು. ಆಗ ಪಿಎಸ್‌ಪಿ ಫೋಲ್ಡರ್‌ನ ಟೆಕ್ಸ್ಚರ್ಸ್ ಎಂಬಲ್ಲಿ, ಆಟದ ಗುರುತಿನ ಹೆಸರಿನ ಫೋಲ್ಡರ್‌ನಲ್ಲಿ ಪರದೆಯ ಮೇಲೆ ಬಂದ ಪ್ರತಿ ಚಿತ್ರವೂ ಬಂದು ಬೀಳುತ್ತದೆ. ಹುಲ್ಲು, ಜನಸಂದಣಿ, ಚೆಂಡು, ಅಂಕಿಗಳು, ಎಲ್ಲ. ಅವುಗಳ ನಡುವೆ ಜೆರ್ಸಿಯನ್ನು ಹುಡುಕಬೇಕು. ಅದು ಹೊಲಿಗೆ ಬಿಚ್ಚಿ ಹಾಸಿದ ಬಟ್ಟೆಯ ಹಾಗೆ ಚಪ್ಪಟೆಯಾಗಿರುತ್ತದೆ, ಎದೆ ಒಂದು ಕಡೆ, ಬೆನ್ನು ಒಂದು ಕಡೆ, ತೋಳುಗಳು ಮೂಲೆಯಲ್ಲಿ. ಅದರ ಮೇಲೆ ನಮ್ಮ ಬಣ್ಣ ಬಳಿದು, ಎದೆಯ ಮೇಲೆ ಒಕ್ಕದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದೆ. ಇದು ಚಿತ್ರವಾದ್ದರಿಂದ ಒತ್ತಕ್ಷರಗಳು ಒಡೆಯುವ ತೊಂದರೆಯೇ ಇಲ್ಲ. ಆಟದ ಮೆನುವಿನ ಪಠ್ಯವನ್ನೇ ಕನ್ನಡಕ್ಕೆ ತರುವುದು ಮಾತ್ರ ಬೇರೆಯೇ ಸಾಹಸ, ಅದಕ್ಕೆ ಆಟದ ಅಕ್ಷರಗಳ ಫೈಲ್ ಅನ್ನೇ ಬದಲಿಸಬೇಕು.

ಈಗ ಮುಖ್ಯ ಮಾತು. ಚಿತ್ರದ ಫೈಲ್ ಹೆಸರು 24 ಅಕ್ಷರ ಮತ್ತು ಅಂಕಿಗಳ ಸಾಲು. ಮೊದಲ ಎಂಟು ಆ ಚಿತ್ರ ಮೆಮೊರಿಯಲ್ಲಿ ಕುಳಿತ ವಿಳಾಸ, ನಡುವಿನ ಎಂಟು ಬಣ್ಣಪಟ್ಟಿಯ ಹ್ಯಾಷ್, ಕೊನೆಯ ಎಂಟು ಚಿತ್ರದ ಹ್ಯಾಷ್. ಒಂದೇ ಜೆರ್ಸಿ ಇನ್ನೊಂದು ಪಂದ್ಯದಲ್ಲಿ ಬೇರೆ ವಿಳಾಸದಲ್ಲಿ ಕುಳಿತರೆ ಹೆಸರೇ ಬದಲಾಗುತ್ತದೆ, ನಮ್ಮ ಬಣ್ಣ ಮಾಯವಾಗಿ ಹಳೆಯ ಜೆರ್ಸಿ ಬರುತ್ತದೆ. ಟೆಕ್ಸ್ಚರ್ಸ್ ಐಎನ್‌ಐ ಫೈಲ್‌ನಲ್ಲಿ ವಿಳಾಸವನ್ನು ಕಡೆಗಣಿಸುವ ಆಯ್ಕೆಯನ್ನು ‘ಟ್ರೂ’ ಮಾಡಿ, ಹೆಸರಿನ ಮೊದಲ ಎಂಟು ಜಾಗಗಳಿಗೆ ಸೊನ್ನೆ ಹಾಕಿದರೆ ಈ ಕಾಟ ತಪ್ಪುತ್ತದೆ. ಮೊಬೈಲ್‌ನಲ್ಲಿ ಸಾವಿರಾರು ಪುಟ್ಟ ಫೈಲ್‌ಗಳಿದ್ದರೆ ಓದುವುದು ನಿಧಾನ. ಎಲ್ಲವನ್ನೂ ಒಂದು ಜಿಪ್ ಮಾಡಿ ಟೆಕ್ಸ್ಚರ್ಸ್ ಜಿಪ್ ಎಂಬ ಹೆಸರಿನಲ್ಲಿ ಅದೇ ಫೋಲ್ಡರ್‌ನಲ್ಲಿ ಇಟ್ಟರೆ ಸಾಕು.

ಇಂಥ ಮಾಡ್ ಮೂಲ ಆಟವನ್ನು ಮುಟ್ಟುವುದೇ ಇಲ್ಲ. ಆಯ್ಕೆಯೊಂದನ್ನು ಆಫ್ ಮಾಡಿದರೆ ಆಟ ಮೊದಲಿನಂತೆಯೇ ಇರುತ್ತದೆ. ಅದಕ್ಕೇ ಹೊಸಬರು ಇಲ್ಲಿಂದ ಶುರು ಮಾಡಲಿ ಎನ್ನುತ್ತೇನೆ.

ಸೋಮವಾರಪೇಟೆ_ಸಂತೆ

ಜೆರ್ಸಿಯ ವಿಷಯ ಓದಿ ಬಹಳ ಖುಷಿಯಾಯಿತು. ಡಾಲ್ಫಿನ್ ಎಂಬ ವೀ ಎಮ್ಯುಲೇಟರ್‌ನಲ್ಲಿಯೂ ಹೀಗೆಯೇ ಮಾಡಬಹುದೆ?

ಕಿತ್ತಳೆ_ತೊಳೆ

ಮಾಡಬಹುದು, ಇನ್ನೂ ಸುಲಭ. ಲೋಡ್ ಫೋಲ್ಡರ್‌ನೊಳಗೆ ಟೆಕ್ಸ್ಚರ್ಸ್, ಅದರೊಳಗೆ ಆಟದ ಆರು ಅಕ್ಷರಗಳ ಗುರುತಿನ ಹೆಸರಿನಲ್ಲಿ ಫೋಲ್ಡರ್. ಆಮೇಲೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಕಸ್ಟಮ್ ಟೆಕ್ಸ್ಚರ್ ಲೋಡ್ ಮಾಡುವ ಆಯ್ಕೆ. ಎಲ್ಲವನ್ನೂ ಮೊದಲೇ ಮೆಮೊರಿಗೆ ತರುವ ಆಯ್ಕೆಯೂ ಇದೆ. ಆದರೆ ರ‍್ಯಾಮ್ ಕಡಿಮೆ ಇದ್ದರೆ ಅದನ್ನು ಮುಟ್ಟಬೇಡಿ.

ವೀ ಆಟಗಳ ಹಂತಗಳನ್ನೋ ಸಂಗೀತವನ್ನೋ ಬದಲಿಸುವ ಮಾಡ್‌ಗಳು ರೀವಲ್ಯೂಷನ್ ರೂಪದಲ್ಲಿ ಬರುತ್ತವೆ. ಆಟದ ಮೇಲೆ ಬಲ ಕ್ಲಿಕ್ ಮಾಡಿದರೆ ರೀವಲ್ಯೂಷನ್ ಪ್ಯಾಚ್‌ಗಳೊಂದಿಗೆ ಶುರು ಮಾಡುವ ಆಯ್ಕೆ ಇದೆ. ಡಿಸ್ಕ್‌ನ ನಕಲು ಹಾಗೆಯೇ ಉಳಿಯುತ್ತದೆ, ಬದಲಾದ ಫೈಲ್‌ಗಳನ್ನು ಮಾತ್ರ ಆಟ ಹೊರಗಿನಿಂದ ಓದುತ್ತದೆ. ಮಾಡ್ ಮಾಡುವವರೆಲ್ಲ ಈ ದಾರಿ ಹಿಡಿದರೆ ಎಷ್ಟೋ ತಲೆನೋವು ತಪ್ಪುತ್ತದೆ.

ಮುಂಗಾರು_ಮನೆ

ಎಲ್ಲ ಕಡೆ ಆ ಅನುಕೂಲ ಇರುವುದಿಲ್ಲವಲ್ಲ. ಫೈಲ್ ಅನ್ನೇ ಬದಲಿಸು ಎನ್ನುವ ಮಾಡ್‌ಗಳೂ ಇವೆ, ಎಕ್ಸ್‌ಡೆಲ್ಟಾ ಪ್ಯಾಚ್ (ಮೂಲ ಫೈಲ್‌ಗೂ ಬದಲಾದದ್ದಕ್ಕೂ ಇರುವ ವ್ಯತ್ಯಾಸದ ಫೈಲ್) ಹಾಕಿ ಹೊಸ ಡಿಸ್ಕ್ ನಕಲು ತಯಾರಿಸು ಎನ್ನುವವೂ ಇವೆ. ಅಂಥ ಕಡೆ ನನ್ನ ಪದ್ಧತಿ ಒಂದೇ. ಡಿಸ್ಕ್‌ನಿಂದ ಇಳಿಸಿದ ಶುದ್ಧ ಪ್ರತಿಯನ್ನು ಒಂದು ಹಾರ್ಡ್ ಡಿಸ್ಕ್‌ನಲ್ಲಿ ಬರೆಯಲು ಬಾರದಂತೆ ಇಡುತ್ತೇನೆ, ಮಾಡ್ ಹಾಕುವುದು ಅದರ ನಕಲಿನ ಮೇಲೆ ಮಾತ್ರ. ಎಕ್ಸ್‌ಡೆಲ್ಟಾ ಹಾಕುವಾಗ ‘ಮೂಲ ಫೈಲ್ ತಾಳೆಯಾಗುತ್ತಿಲ್ಲ’ ಎಂದು ಬಂದರೆ ನಿಮ್ಮ ಪ್ರತಿ ಬೇರೆ ವಲಯದ್ದು ಅಥವಾ ಆಗಲೇ ಬದಲಾದದ್ದು ಎಂದರ್ಥ. ಶುದ್ಧ ಪ್ರತಿ ಇದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಇನ್ನೂ ಒಂದು ಪ್ರತಿಯನ್ನು ಮೈಸೂರಿನಲ್ಲಿರುವ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಮನೆ ಬಿಟ್ಟು ಬಂದ ನೆರೆಯವರನ್ನು ಕಣ್ಣಾರೆ ಕಂಡವನು ನಾನು. ಮದುವೆಯ ಫೋಟೊಗಳು, ಜಮೀನಿನ ಕಾಗದಗಳ ಜೊತೆಗೆ ಆಟದ ಸೇವ್‌ಗಳೂ ಅದೇ ಹಾರ್ಡ್ ಡಿಸ್ಕ್‌ನಲ್ಲಿವೆ. ಜಾಗ ಹೇಗೂ ಉಳಿದಿದೆ.

ಹಾರಂಗಿ_ದಂಡೆ

ಮುಂಗಾರು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಪ್ರತಿ ಆಟದ ಫೋಲ್ಡರ್ ಪಕ್ಕದಲ್ಲಿ ಒಂದು ಪಠ್ಯ ಫೈಲ್ ಇಡಿ. ಡಿಸ್ಕ್‌ನ ಸೀರಿಯಲ್, ಈಗಿರುವ ಆವೃತ್ತಿ, ಹಾಕಿದ ಡಿಎಲ್‌ಸಿಗಳು, ಪ್ಯಾಚ್‌ಗಳು, ಎಮ್ಯುಲೇಟರ್‌ನ ಯಾವ ಬಿಲ್ಡ್‌ನಲ್ಲಿ (ಆವೃತ್ತಿಯಲ್ಲಿ) ಚೆನ್ನಾಗಿ ಓಡಿತು, ಇಷ್ಟು ಬರೆದಿರಲಿ. ಆರ್‌ಪಿಸಿಎಸ್3ಗೆ ಹೊಸ ಬಿಲ್ಡ್‌ಗಳು ಬರುತ್ತಲೇ ಇರುತ್ತವೆ. ಬಹುತೇಕ ಒಳ್ಳೆಯದಕ್ಕೇ, ಆದರೆ ಆಡುತ್ತಿರುವ ಆಟದ ಮಧ್ಯದಲ್ಲಿ ಎಮ್ಯುಲೇಟರ್ ಬದಲಿಸುವ ಮೊದಲು ಹಳೆಯದರ ಫೋಲ್ಡರ್‌ನ ನಕಲು ಇರಲಿ.

ಸೇವ್ ಸ್ಟೇಟ್ ಅನ್ನು ಮಾತ್ರ ನೆಚ್ಚಿಕೊಳ್ಳಬೇಡಿ ಎಂಬುದನ್ನೂ ಹೇಳಿಬಿಡುತ್ತೇನೆ. ಅದು ಆ ಕ್ಷಣದ ಮೆಮೊರಿಯ ಪೂರ್ತಿ ಪ್ರತಿ. ಅಪ್‌ಡೇಟ್ ಹಾಕಿದ ಮೇಲೆ ಹಳೆಯ ಸ್ಟೇಟ್ ತೆರೆದರೆ ಮೆಮೊರಿಯಲ್ಲಿ ಹಳೆಯ ಆಟವೇ ಇರುತ್ತದೆ, ಹೊಸ ಡಿಎಲ್‌ಸಿಯನ್ನು ಓದುವ ಹಂತವನ್ನೇ ಅದು ದಾಟಿ ಬಂದಿರುತ್ತದೆ. ಆಮೇಲೆ ‘ಅಪ್‌ಡೇಟ್ ಹಾಕಿದರೂ ಏನೂ ಬದಲಾಗಲಿಲ್ಲ’ ಎಂಬ ಪ್ರಶ್ನೆ ಬರುತ್ತದೆ. ಆಟದೊಳಗಿನ ಸೇವ್ ಮಾಡಿ, ಆಟ ಮುಚ್ಚಿ, ಮತ್ತೆ ಶುರು ಮಾಡಿ.

ಕಕ್ಕಬ್ಬೆ_ಜೇನು

ಎಲ್ಲರಿಗೂ ಧನ್ಯವಾದ. ಮಾಡಿದ್ದು ಹೀಗೆ: ಸೇವ್‌ನ ನಕಲು ತೆಗೆದುಕೊಂಡೆ. ಪ್ಯಾಚ್ ಮ್ಯಾನೇಜರ್‌ನಲ್ಲಿ ಹೊಸ ಪ್ಯಾಚ್‌ಗಳನ್ನು ಇಳಿಸಿಕೊಂಡು ನೋಡಿದಾಗ ನನ್ನ ಸೀರಿಯಲ್‌ನ ಕೆಳಗೆ ಕೊನೆಯ ಆವೃತ್ತಿಗೂ 60 ಫ್ರೇಮ್ ಪ್ಯಾಚ್ ಇತ್ತು, ಅದರ ಟಿಕ್ ಖಾಲಿಯಾಗಿತ್ತು. ಹಾಕಿದೆ. ಪಿಪಿಯು ಮಾಡ್ಯೂಲ್‌ಗಳನ್ನು, ಅಂದರೆ ಆಟದ ಪ್ರೋಗ್ರಾಂ ಭಾಗಗಳನ್ನು, ಮತ್ತೆ ಕಂಪೈಲ್ ಮಾಡಲು ಸಾಕಷ್ಟು ಹೊತ್ತು ಹಿಡಿಯಿತು, ಆಮೇಲೆ ಆಟ ಮೊದಲಿನಂತೆ ಓಡಿತು. ಹಾಗಾಗಿ ಹಿಂದಿನ ಆವೃತ್ತಿಗೆ ಹೋಗುವ ಅಗತ್ಯವೇ ಬರಲಿಲ್ಲ. ಬ್ರಹ್ಮಗಿರಿ ಅವರೂ ಹಾರಂಗಿ ಅವರೂ ಇಬ್ಬರೂ ಒಪ್ಪುವ ಜಾಗದಲ್ಲಿ ನಿಂತಿದ್ದೇನೆ.

ಬಿಎಲ್‌ಯುಎಸ್ ಡಿಎಲ್‌ಸಿ ಫೋಲ್ಡರ್ ಅನ್ನು ಅಳಿಸದೆ ಪ್ರತ್ಯೇಕವಾಗಿ ಇಟ್ಟಿದ್ದೇನೆ. ಅಮೆರಿಕ ವಲಯದ ಡಿಸ್ಕ್ ಎಲ್ಲಾದರೂ ಸಿಕ್ಕಿದರೆ ಅದಕ್ಕೆ ಹೊಂದುತ್ತದೆಯಲ್ಲವೆ?

ಹಾರಂಗಿ_ದಂಡೆ

ಹೊಂದುತ್ತದೆ, ಪರವಾನಗಿ ಫೈಲ್ ಎಕ್ಸ್‌ಡೇಟಾದಲ್ಲಿ ಇದ್ದರೆ. ಆದರೆ ಬಿಎಲ್‌ಇಎಸ್ ಸೇವ್ ಅಲ್ಲಿಗೆ ಹೋಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಬಹಳಷ್ಟು ಆಟಗಳಲ್ಲಿ ಸೇವ್ ಫೋಲ್ಡರ್‌ನ ಹೆಸರು ಸೀರಿಯಲ್‌ನಿಂದಲೇ ಶುರುವಾಗುತ್ತದೆ.

ಕಿತ್ತಳೆ_ತೊಳೆ

ಜೆರ್ಸಿ ಪ್ಯಾಕ್ ಕೇಳಿ ಹಲವರು ಸಂದೇಶ ಕಳುಹಿಸಿದ್ದೀರಿ. ಟೆಕ್ಸ್ಚರ್ ಚಿತ್ರಗಳು ಮತ್ತು ಐಎನ್‌ಐ ಫೈಲ್ ಮಾತ್ರ ಹಂಚುತ್ತೇನೆ, ಆಟ ನಿಮ್ಮದೇ ಇರಬೇಕು. ಜಿಪ್‌ನ ಒಳಗೆ ಯಾವ ಆಟದ ಗುರುತಿಗೆ ಮಾಡಿದ್ದು ಎಂಬ ಟಿಪ್ಪಣಿ ಇದೆ, ಬೇರೆ ವಲಯದ ಪ್ರತಿ ಇದ್ದವರು ಫೋಲ್ಡರ್‌ಗೆ ನಿಮ್ಮ ಆಟದ ಗುರುತನ್ನೇ ಹೆಸರಾಗಿ ಇಟ್ಟು ನೋಡಿ. ಚಿತ್ರ ಒಂದೇ ಆಗಿದ್ದರೆ ಹ್ಯಾಷ್ ಕೂಡ ಹೊಂದಬೇಕು. ತಮ್ಮ ಒಕ್ಕದ ಜೆರ್ಸಿ ಬೇಕಾದವರು ಎದುರಿನಿಂದ ಮತ್ತು ಹಿಂದಿನಿಂದ ತೆಗೆದ ಸ್ಪಷ್ಟ ಫೋಟೊ ಕಳುಹಿಸಿ, ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎಂಬುದನ್ನೂ ಬರೆಯಿರಿ. ಬಂದ ಕ್ರಮದಲ್ಲಿ ಮಾಡಿಕೊಡುತ್ತೇನೆ.